ಹಾಕಿದವರೇ ತೆಗೆಯಬೇಕು

ಕುಷ್ಟಗಿ
೪ ಮಾರ್ಚ್ ೧೯೩೭

ಗೆಳೆಯ ಗಾಳೆಪ್ಪಾ,

ಪತ್ರದ ತಲೆಗೆ ಎಲ್ಲರೂ ಕ್ಷೇಮ ಎಂದು ಬರೆಯಬೇಕೆಂದು ಸಾಲಿಯಲ್ಲಿ ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಇವತ್ತು ಹಾಗೆ ಬರೆದರೆ ಸುಳ್ಳಾಗುತ್ತದೆ. ನಿನ್ನ ಅಣ್ಣ ದುರುಗಪ್ಪ ನನ್ನ ತಂಗಿ ಪಕ್ಕೀರವ್ವನ ಕಾಲಿಗೆ ಸರಪಳಿ ಬಿಗಿದು, ಕೀಲಿ ಹಾಕಿ, ಊರು ಬಿಟ್ಟು ಹೋಗಿದ್ದಾನೆ.

ಹೋದ ದೀಪಾವಳಿಯ ಹೊತ್ತಿಗೆ ಅವಳ ಹಸುಗೂಸು ತೀರಿಕೊಂಡದ್ದು ನಿನಗೆ ಗೊತ್ತು. ಆಮೇಲೆ ಅವಳ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ, ನಾನು ಇಲ್ಲ ಎನ್ನುವುದಿಲ್ಲ. ಖಾಲಿ ತೊಟ್ಟಿಲು ತೂಗುತ್ತಿದ್ದಳು. ಉಂಡದ್ದು ಬಿಟ್ಟದ್ದು ತಿಳಿಯುತ್ತಿರಲಿಲ್ಲ. ಒಂದೆರಡು ಸಲ ಯಲಬುರ್ಗಿಯ ಹಾದಿ ಹಿಡಿದು ಒಬ್ಬಳೇ ಹೊರಟುಬಿಟ್ಟಿದ್ದಳು. ತವರಿಗೆ ಕಳಿಸಿರಿ ಎಂದು ಹೇಳಿಕಳಿಸಿದೆ. "ನಮ್ಮ ಮನಿ ಹೆಣ್ಮಗಳನ್ನ ನಾವು ನೋಡ್ಕೋತೀವಿ" ಎಂದು ನಿನ್ನ ಅಣ್ಣ ತಿರುಗಿ ಹೇಳಿಕಳಿಸಿದ. ನೋಡಿಕೊಂಡ ಚಂದ ಹೇಗಿದೆ ಎಂದರೆ, ಗಂಗಾವತಿಯ ಆಚೆ ಹೊಳೆ ದಂಡೆಯ ಮೇಲೆ ಯಂಕೋಬ ಎಂಬವನ ಕೊಟ್ಟಿಗೆಯಲ್ಲಿ ಅವಳನ್ನು ಬಿಟ್ಟು ಬಂದಿದ್ದಾನೆ. ಯಂಕೋಬ ಹುಚ್ಚು ಬಿಡಿಸುವ ಪಂಡಿತನಂತೆ. ತಲೆ ಬೋಳಿಸಿ ನಿಂಬೆರಸ ತಿಕ್ಕುವುದು, ಕೋಳಿ ಕೂಗುವಾಗ ತಣ್ಣೀರು ಸುರಿಯುವುದು, ಮಾತು ಕೇಳದಿದ್ದರೆ ಹುಣಸೆ ಬರಲಿನಿಂದ ಬಡಿಯುವುದು. ಇಷ್ಟೇ ಅವನ ವಿದ್ಯೆ.

ಹೋಗಿ ನೋಡಿ ಬಂದೆ. ಉದ್ದಕ್ಕೆ ತೊಲೆ ಹಾಕಿದ್ದಾರೆ, ಅದಕ್ಕೆ ಸರಪಳಿ ಬಿಗಿದ ಹತ್ತು ಹನ್ನೆರಡು ಜನ. ನನ್ನನ್ನು ಕಂಡ ಕೂಡಲೇ ಪಕ್ಕೀರವ್ವ ಕೇಳಿದ ಮೊದಲ ಮಾತು: "ಅಣ್ಣಾ, ನಮ್ಮ ಚೆನ್ನಿ ಈತೇನೋ? ಹೆಣ್ಣೋ ಗಂಡೋ?" ಎಮ್ಮೆ ಗಬ್ಬ ಇದ್ದದ್ದು ಅವಳಿಗೆ ನೆನಪಿದೆ, ದಿನ ತುಂಬಿದ್ದು ನೆನಪಿದೆ! ಇವಳು ಹುಚ್ಚಿಯೇ?

ಅಲ್ಲಿಯ ರಿವಾಜು ಕೇಳು. ಯಂಕೋಬ ತನ್ನದೊಂದು ಕೀಲಿಯನ್ನೂ ಇಟ್ಟಿಲ್ಲ. ರೋಗಿಯನ್ನು ತಂದವರೇ ಮನೆಯಿಂದ ಕೀಲಿ ತಂದು, ತಮ್ಮ ಕೈಯಾರೆ ಹಾಕಿ, ಕೀಲಿಕೈ ಒಯ್ಯಬೇಕು. "ನಾ ಯಾರನ್ನೂ ಕಟ್ಟಿಲ್ರಿ ಮಾಸ್ತರ, ಅವರವರ ಮನಿಯವರ ಕಟ್ಯಾರ. ಹಾಕಿದವ್ರ ಬಂದು ತೆಗೀಬೇಕು. ಬ್ಯಾರೇದವ್ರಿಗೆ ಬಿಟ್ಟುಕೊಟ್ರ ನಾಳೆ ನನ್ನ ಮ್ಯಾಲ ಬರತೈತಿ" ಎಂದ. ಕಲ್ಲು ಎತ್ತಿಕೊಂಡೆ. ಬಡಿಗೆ ಹಿಡಿದ ನಾಲ್ಕು ಜನ ಎದ್ದು ನಿಂತರು. ಕಲ್ಲು ಕೆಳಗೆ ಹಾಕಿ ಬಂದೆ.

ದುರುಗಪ್ಪ ಹೈದರಾಬಾದಿಗೆ ಹೋದನೆಂದು ನಿಮ್ಮ ಊರವರು ಹೇಳುತ್ತಾರೆ. ನೀನು ಅಲ್ಲೇ ಇದ್ದೀ. ಅವನನ್ನು ಹುಡುಕಿ ಕಳಿಸು, ಇಲ್ಲವೇ ಕೀಲಿಕೈ ಕಳಿಸು.

ಇನ್ನೊಂದು ಪ್ರಶ್ನೆ. ನೀನು ವೈದ್ಯಖಾತೆಯ ಗುಮಾಸ್ತ, ನಿನಗೆ ತಿಳಿದಿರಬೇಕು. ಸೇಂದಿ ಅಂಗಡಿಗೆ ಪರವಾನಗಿ ಬೇಕು. ಟಾಂಗಾದವನಿಗೆ ನಂಬರು ಬೇಕು. ಮನುಷ್ಯರನ್ನು ತೊಲೆಗೆ ಕಟ್ಟಿ ಪಂಡಿತ ಎನಿಸಿಕೊಳ್ಳಲು ಇವನಿಗೆ ಅಪ್ಪಣೆ ಕೊಟ್ಟವರು ಯಾರು?

ನಿನ್ನ
ಸಣ್ಣಪ್ಪ


ಹೈದರಾಬಾದ್
೨ ಏಪ್ರಿಲ್ ೧೯೩೭

ಪ್ರಿಯ ಸಣ್ಣಪ್ಪಾ,

ಪತ್ರ ಓದಿ ಕಚೇರಿಯಲ್ಲಿ ಕೈ ಓಡಲಿಲ್ಲ. ಅತ್ತಿಗೆಯ ಸ್ಥಿತಿ ಕೇಳಿ ನನ್ನ ಹೆಂಡತಿ ಹಂಪವ್ವ ಒಲೆ ಮುಂದೆ ಕೂತು ಅತ್ತಳು. ಅಣ್ಣನ ವಿಷಯಕ್ಕೆ ಬಂದರೆ, ಹೈದರಾಬಾದ್ ನಮ್ಮ ಕುಷ್ಟಗಿಯ ಸಂತೆಯಷ್ಟು ಅಲ್ಲ. ಇಲ್ಲಿ ಒಬ್ಬ ಮನುಷ್ಯನನ್ನು ಹುಡುಕುವುದೆಂದರೆ ಹುಲ್ಲಿನ ಬಣವೆಯಲ್ಲಿ ಕೈ ಹಾಕಿದಂತೆ. ತಿಳಿಸುವಂಥದ್ದು ಇದ್ದರೆ ನಿನಗೆ ತಿಳಿಸದೆ ಇರುತ್ತೇನೆಯೇ?

ಆದರೆ ನಿನ್ನ ಕಡೆಯ ಪ್ರಶ್ನೆ ನನ್ನನ್ನು ಬಿಡಲೊಲ್ಲದು. ಕಾಯದೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಜ್ವರಕ್ಕೆ ಕಷಾಯ ಕೊಡುವ ಹಕೀಮನಿಗೂ ಇಲ್ಲಿ ಸನದು, ಅಂದರೆ ಸರಕಾರದ ಪರವಾನಗಿ ಪತ್ರ, ಬೇಕು. ಮನಸ್ಸಿಗೆ ಮದ್ದು ಮಾಡುತ್ತೇನೆಂದು ಕೂತವನಿಗೆ ಏನೂ ಬೇಡ! ಅಂಥವನನ್ನು ಕೇಳುವವರೇ ಇಲ್ಲ. ನಮ್ಮ ಸಾಹೇಬರಿಗೆ ಹೇಳಿದೆ. ಅವರು ಸುಧಾರಣೆಯ ಮನುಷ್ಯ, ಕಿವಿ ನಿಮಿರಿಸಿ ಕೇಳಿದರು. ನೀನು ಒಂದು ಅರ್ಜಿ ಬರೆ. ನಾನು ಉರ್ದುವಿಗೆ ತಿರುಗಿಸಿ ಅವರ ಮೇಜಿನ ಮೇಲೆ ಇಡುತ್ತೇನೆ. ಒಬ್ಬ ಯಂಕೋಬನ ಕೂಡ ಜಗಳ ಆಡುವುದಕ್ಕಿಂತ ಎಲ್ಲ ಯಂಕೋಬರಿಗೂ ಮೂಗುದಾರ ಹಾಕೋಣ.

ಆ ಕಡೆಯಿಂದ ಯಾರಾದರೂ ಬರುವವರಿದ್ದರೆ ಒಂದಿಷ್ಟು ಸಜ್ಜೆ ಹಿಟ್ಟು ಕಳಿಸು. ಮನೆಯಲ್ಲಿ ಇತ್ತೀಚೆಗೆ ಅನ್ನ ಸೇರುತ್ತಿಲ್ಲ.

ನಿನ್ನ
ಗಾಳೆಪ್ಪ


ಕುಷ್ಟಗಿ
೨೫ ಏಪ್ರಿಲ್ ೧೯೩೭

ಗಾಳೆಪ್ಪಾ,

ಅನ್ನ ಸೇರದೆ ಸಜ್ಜೆ ರೊಟ್ಟಿ ಬೇಡುತ್ತಿರುವವಳು ಹಂಪವ್ವ ಅಲ್ಲವೇ? ನೇರವಾಗಿ ಬರೆಯಲು ನಾಚಿಕೆಯೇನೋ! ನಮ್ಮ ಅವ್ವ ಮುದುಕವ್ವ ಕೇಳಿ ನಕ್ಕಳು, ಈ ಮನೆಯಲ್ಲಿ ಅವಳು ನಕ್ಕು ಬಹಳ ದಿನ ಆಗಿತ್ತು. ಬರುವವರು ಸಿಕ್ಕರೆ ಹಿಟ್ಟು ಕಳಿಸುತ್ತೇನೆ.

ಅರ್ಜಿ ಇದರೊಳಗೆ ಇದೆ. ರಾತ್ರಿ ಹಗಲು ತಿದ್ದಿ ಬರೆದಿದ್ದೇನೆ. ಹುಚ್ಚಿಗೆ ಮದ್ದು ಮಾಡುವವನ ಅರಿವು ಏನೆಂದು ಪರೀಕ್ಷೆಯಾಗಬೇಕು. ಪಾಸಾಗದವನು ಕೊಟ್ಟಿಗೆ ಮುಚ್ಚಬೇಕು. ಇಂಥವರಿಗೆ ಹುಚ್ಚು ಹಿಡಿದಿದೆ, ಇಂಥವರಿಗೆ ಬಿಟ್ಟಿದೆ ಎಂದು ಗಂಡ ಹೇಳಬಾರದು, ಅತ್ತೆ ಹೇಳಬಾರದು, ತಿಳಿದವರು ಹೇಳಬೇಕು. ಈ ಕಡೆಯ ಮಾತಿಗೆ ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದೇನೆ, ಉರ್ದುವಿನಲ್ಲಿಯೂ ಎಳೆ.

ಇದಕ್ಕೆ ಮೊದಲು ಗಂಗಾವತಿಯ ತಹಶೀಲಿಗೂ ಹೋಗಿದ್ದೆ. ಅಲ್ಲಿಯ ಕಾಗದಪತ್ರ ನೋಡುವ ಪೇಷಕಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಗಂಡೇನ್ರೀ ಆಕಿಗೆ?" ಎಂದ.

"ಅಣ್ಣ ಅದೀನ್ರಿ."

"ಗಂಡನ್ನ ಕರಕೊಂಬರ್ರಿ."

"ಗಂಡನ ಓಡಿ ಹೋಗ್ಯಾನ್ರಿ!"

"ಹಂಗಾದ್ರ ಬಂದ ಮ್ಯಾಲ ಬರ್ರಿ."

ಇಷ್ಟು ಹೇಳಿ ಎಲೆ ಅಡಿಕೆ ಹಾಕಿಕೊಂಡ. ಗಂಡ ಓಡಿ ಹೋದದ್ದು ತಪ್ಪಲ್ಲ, ಅಣ್ಣ ನಡೆದು ಬಂದದ್ದು ತಪ್ಪು! ಸಿಟ್ಟು ನೆತ್ತಿಗೇರಿ ಹೊರಗೆ ಬಂದೆ.

ಅರ್ಜಿಯ ಕೆಲಸ ನೀನು ಮಾಡು. ದುರುಗಪ್ಪನನ್ನು ಹುಡುಕುವುದನ್ನೂ ಬಿಡಬೇಡ.

ಸಣ್ಣಪ್ಪ


ಹೈದರಾಬಾದ್
೧೦ ಫೆಬ್ರವರಿ ೧೯೩೮

ಪ್ರಿಯ ಸಣ್ಣಪ್ಪಾ,

ಇಷ್ಟು ತಿಂಗಳು ಬರೆಯಲಿಲ್ಲ ಎಂದು ಬೈಯಬೇಡ. ಬರೆಯುವಂಥ ಸುದ್ದಿಗೆ ಕಾಯುತ್ತಿದ್ದೆ. ಹುಕುಂ ಆಯಿತು! ನಿನ್ನ ಅರ್ಜಿ ಮೇಲಿನವರೆಗೆ ಹೋಯಿತು, ಒಪ್ಪಿಗೆ ಬಂತು. ಕರಡು ಬರೆಯುವ ಕೆಲಸ ಸಾಹೇಬರು ನನಗೇ ಕೊಟ್ಟರು. ಗುಮಾಸ್ತನ ಕೈಯಲ್ಲಿ ಕಾಯದೆ ಬರೆಸುವುದು ಎಂದಾದರೂ ಕೇಳಿದ್ದೀಯಾ? ಕೊಪ್ಪಳದ ಸಾಲಿಯಲ್ಲಿ ನನ್ನ ಅಕ್ಷರ ನೋಡಿ ಕೋಳಿ ಕೆದರಿದಂತಿದೆ ಎನ್ನುತ್ತಿದ್ದವನು ನೀನೇ.

ಇನ್ನು ಮುಂದೆ ಸನದು ಇಲ್ಲದೆ ಯಾರೂ ಹುಚ್ಚಿಗೆ ಮದ್ದು ಮಾಡುವಂತಿಲ್ಲ. ಸನದು ಬೇಕೆಂದರೆ ಹತ್ತು ವರ್ಷ ಅದೇ ಕೆಲಸ ಮಾಡಿರಬೇಕು, ತಾಲೂಕಿನ ಐದು ಜನ ಮರ್ಯಾದಸ್ಥರು ಸಹಿ ಹಾಕಬೇಕು. ಒಬ್ಬರಿಗೆ ಹುಚ್ಚು ಇದೆಯೋ ಬಿಟ್ಟಿದೆಯೋ ಎಂದು ಸನದಿನವನು ಮಾತ್ರ ಹೇಳಬಹುದು. ಕೆಂಪು ಗೆರೆಯ ನಿನ್ನ ಮಾತು ಹಾಗೇ ಕಾಯದೆ ಆಗಿದೆ. ಇನ್ನೊಂದನ್ನು ನಾನೇ ಯೋಚಿಸಿ ಸೇರಿಸಿದೆ. ಅಸಹಾಯಕ ಹೆಣ್ಣುಮಕ್ಕಳನ್ನು ಯಾರೋ ದಾರಿಹೋಕರು ನಮ್ಮವಳೆಂದು ಎತ್ತಿಕೊಂಡು ಹೋಗಬಾರದಲ್ಲವೇ? ಅದಕ್ಕೆ, ತಂದು ಬಿಟ್ಟವರ ಕೈಗೆ ಮಾತ್ರ ರೋಗಿಯನ್ನು ಒಪ್ಪಿಸಬೇಕೆಂದು ಬರೆದೆ. ಸಾಹೇಬರು ಬೆನ್ನು ತಟ್ಟಿದರು.

ಅಣ್ಣನ ಬಗ್ಗೆ ಹೊಸದೇನೂ ಇಲ್ಲ.

ಗಾಳೆಪ್ಪ


ಕುಷ್ಟಗಿ
೨೮ ಫೆಬ್ರವರಿ ೧೯೩೮

ಗಾಳೆಪ್ಪಾ,

ನಿನ್ನ ಅಕ್ಷರದ ಬಗ್ಗೆ ಆಡಿದ್ದೆಲ್ಲ ವಾಪಸು ತೆಗೆದುಕೊಂಡೆ! ಪತ್ರವನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ.

ಕೂಡಲೇ ಹೊಳೆ ದಂಡೆಗೆ ಹೋಗಿ ಪಕ್ಕೀರವ್ವನಿಗೂ ಹೇಳಿದೆ. ಹತ್ತಿ ಬಿಡಿಸುತ್ತ ಕೂತಿದ್ದಳು. ಯಂಕೋಬ ತನ್ನ ಹೊಲದ ಹತ್ತಿಯನ್ನು ರೋಗಿಗಳ ಕೈಯಲ್ಲೇ ಬಿಡಿಸುತ್ತಾನೆ. ಹುಚ್ಚರಿಗೆ ಹತ್ತಿ ಬೇರೆ, ಕಸ ಬೇರೆ ಎಂದು ತಿಳಿಯುತ್ತದಂತೆ, ಮನೆಯ ದಾರಿ ಮಾತ್ರ ತಿಳಿಯುವುದಿಲ್ಲವಂತೆ. ಅವಳು ನನ್ನ ಮಾತು ಪೂರ್ತಿ ಕೇಳಿದಳು. ಆಮೇಲೆ, "ಸರಕಾರದವ್ರು ಇಲ್ಲಿ ಬಂದು ನೋಡ್ಯಾರೇನಣ್ಣಾ?" ಎಂದಳು. ಬರುತ್ತಾರೆ ಎಂದೆ. "ನೋಡದ ಹೆಂಗ ಬರದ್ರು?" ಎಂದಳು. ಕಾಯದೆ ಎಂದರೆ ಹಾಗೇ ಎಂದು ತಿಳಿಸಿ ಹೇಳಿದೆ.

ಯಂಕೋಬನ ಮುಖ ಬಾಡಿತ್ತು. ಇವನಿಗೆ ಸಹಿ ಹಾಕುವ ಐದು ಜನ ಮರ್ಯಾದಸ್ಥರು ಗಂಗಾವತಿ ತಾಲೂಕಿನಲ್ಲಿ ಹುಟ್ಟಿಲ್ಲ.

ಸಣ್ಣಪ್ಪ


ಕುಷ್ಟಗಿ
೧೭ ಸೆಪ್ಟೆಂಬರ್ ೧೯೩೮

ಗಾಳೆಪ್ಪಾ,

ಹುಟ್ಟಿದ್ದರು. ಐದು ಜನ ಬೇಕಿತ್ತು, ಎಂಟು ಜನ ಸಹಿ ಹಾಕಿದ್ದಾರೆ. ಗೌಡ ಹಾಕಿದ್ದಾನೆ, ಕುಲಕರ್ಣಿ ಹಾಕಿದ್ದಾನೆ, ಸಾಹುಕಾರರು ಹಾಕಿದ್ದಾರೆ. ಯಾಕೆ ಹಾಕುವುದಿಲ್ಲ? ಅವರಲ್ಲಿ ಮೂವರ ಮನೆಯ ಹೆಣ್ಣುಮಕ್ಕಳು ಅದೇ ತೊಲೆಗೆ ಇದ್ದಾರೆ! ಆಸ್ತಿಯಲ್ಲಿ ಪಾಲು ಕೇಳಿದ ವಿಧವೆಯೊಬ್ಬಳು, ಮಾತಿಗೆ ಮಾತು ಕೊಟ್ಟ ಸೊಸೆಯೊಬ್ಬಳು. ಹತ್ತು ವರ್ಷ ಕೆಲಸ ಮಾಡಿರಬೇಕು ಎಂದು ಬರೆದಿರಲ್ಲ, ಅವನು ಹತ್ತೊಂಬತ್ತು ವರ್ಷದಿಂದ ಬಡಿಯುತ್ತಿದ್ದಾನೆ. ಬಡಿದಷ್ಟೂ ವರ್ಷ ಅನುಭವ ಎಂದು ಲೆಕ್ಕಕ್ಕೆ ಬಂತು. ನಾನು ಕೇಳಿದ್ದ ಪರೀಕ್ಷೆ ಎಲ್ಲಿ ಹೋಯಿತು? ಇಡೀ ತಾಲೂಕಿಗೆ ಒಂದೇ ಸನದು, ಅದು ಯಂಕೋಬನದು. ಕಟ್ಟು ಹಾಕಿಸಿ, ಹೂವಿನ ಸರ ಏರಿಸಿ, ಕೊಟ್ಟಿಗೆಯ ಬಾಗಿಲಿಗೆ ತೂಗುಹಾಕಿದ್ದಾನೆ.

ಕಾರಟಗಿಯ ಅಬೇದಾಬಿಯ ಮಾತು ನಿನಗೆ ಹಿಂದೆ ಹೇಳಿರಲಿಲ್ಲ. ಅಕ್ಕಿ ಹಸನು ಮಾಡಿ ಬದುಕುವ ಮುದುಕಿ. ಬುದ್ಧಿ ಕೆಟ್ಟ ಇಬ್ಬರು ಹೆಣ್ಣುಮಕ್ಕಳನ್ನು ಯಾರೋ ಅವಳ ಅಂಗಳದಲ್ಲಿ ಬಿಟ್ಟು ಹೋಗಿದ್ದರು. ಉಣ್ಣಲು ಇಟ್ಟಳು, ತಲೆ ಬಾಚಿದಳು, ಕೈಗೆ ಮೊರ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡಳು. ಅಷ್ಟೇ ಮಾಡಿದ್ದು. ಪಕ್ಕೀರವ್ವ ಬಿಡುಗಡೆಯಾದ ಮೇಲೆ ಸ್ವಲ್ಪ ದಿನ ಅಲ್ಲಿ ಇರಿಸೋಣವೆಂದು ನಾನು ಹೋಗಿ ಮಾತಾಡಿ ಬಂದಿದ್ದೆ. ಹೋದ ತಿಂಗಳು ಪೊಲೀಸ್ ಅಮೀನ ಬಂದು, ಸನದು ಇಲ್ಲದೆ ಹುಚ್ಚರನ್ನು ಇಟ್ಟುಕೊಂಡಿದ್ದಾಳೆಂದು ಅವಳ ಅಂಗಳ ಖಾಲಿ ಮಾಡಿಸಿದ. ಆ ಇಬ್ಬರನ್ನೂ ಎಲ್ಲಿಗೆ ಒಯ್ದರು ಹೇಳು? ಯಂಕೋಬನ ಕೊಟ್ಟಿಗೆಗೆ.

ಪಕ್ಕೀರವ್ವನನ್ನು ಬಿಡು ಎಂದು ಕೇಳಿದೆ. ಮೊದಲು ರಿವಾಜು ಎನ್ನುತ್ತಿದ್ದ. ಈಗ ಗೋಡೆಯ ಕಡೆ ಕೈ ತೋರಿಸಿ, "ಕಾಯದೆ ಐತ್ರಿ ಮಾಸ್ತರ. ಹಾಕಿದವ್ರ ತೆಗೀಬೇಕು. ಅಕ್ಷರ ಬಲ್ಲವ್ರು ನೀವು, ಓದ್ಕೋರಿ" ಎಂದು ನಗುತ್ತಾನೆ. ಅವನ ಬಾಯಲ್ಲಿದ್ದ ಮಾತನ್ನು ಸರಕಾರದ ಮೊಹರು ಹಾಕಿ ಅವನಿಗೇ ಕೊಟ್ಟಿರಲ್ಲಪ್ಪಾ! ಅವಳನ್ನು ಎತ್ತಿಕೊಂಡು ಹೋಗುವ ದಾರಿಹೋಕ ನಾನೇನು?

ಈಗ ಉಳಿದದ್ದು ಒಂದೇ ದಾರಿ. ದುರುಗಪ್ಪ ಬರಬೇಕು. ಓಣಿ ಓಣಿ ತಿರುಗಿ ಹುಡುಕು.

ಸಣ್ಣಪ್ಪ


ಹೈದರಾಬಾದ್
೫ ನವೆಂಬರ್ ೧೯೩೮

ಸಣ್ಣಪ್ಪ,

ಸಿಟ್ಟಿನಲ್ಲಿ ಬರೆದ ಪತ್ರಕ್ಕೆ ಸಿಟ್ಟಿನಲ್ಲಿ ಉತ್ತರ ಬರೆಯಬಾರದೆಂದು ತಡ ಮಾಡಿದೆ. ಕಾಯದೆಯನ್ನು ಒಬ್ಬ ಹೆಣ್ಣುಮಗಳಿಗಾಗಿ ಮಾಡುವುದಿಲ್ಲ. ಇಡೀ ರಾಜ್ಯಕ್ಕೆ ಮಾಡುತ್ತಾರೆ. ಎಲ್ಲೋ ಒಂದು ಕಡೆ ಒಬ್ಬ ಕೆಟ್ಟವನಿಗೆ ಸನದು ಸಿಕ್ಕಿರಬಹುದು, ಹತ್ತು ಕಡೆ ಒಳ್ಳೆಯದಾಗಿದೆ. ಪರೀಕ್ಷೆ ಮಾಡಬೇಕೆಂದರೆ ಮಾಡುವವರು ಯಾರು? ಅಂಥ ವಿದ್ಯೆ ಕಲಿತವರು ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಮತ್ತು ಸನದಿನವನೇ ಹೇಳಬೇಕೆಂಬ ಮಾತು ನಿನ್ನ ಅರ್ಜಿಯಲ್ಲಿ ಇದ್ದದ್ದು, ಮರೆಯಬೇಡ.

ನಿನ್ನ ಮೇಲೆ ಸಾಲಿ ಇನ್ಸ್‌ಪೆಕ್ಟರರು ವರದಿ ಕಳಿಸಿದ್ದಾರೆಂದೂ, ಸಂಬಳ ತಡೆದಿದ್ದಾರೆಂದೂ ಇಲ್ಲಿ ಕಿವಿಗೆ ಬಿತ್ತು. ನೀನು ಬರೆಯಲೇ ಇಲ್ಲ. ಸ್ವಲ್ಪ ತಾಳ್ಮೆ ತಂದುಕೋ. ಅತ್ತಿಗೆ ಉಪವಾಸವಂತೂ ಇಲ್ಲವಲ್ಲ.

ಗಾಳೆಪ್ಪ


ಕುಷ್ಟಗಿ
೧೪ ಮೇ ೧೯೩೯

ಶ್ರೀ ಗಾಳೆಪ್ಪನವರಿಗೆ,

ಕಿನ್ನಾಳದ ಹುಸೇನಪ್ಪ ಗೊಂಬೆ ಮಾರಲು ಹೈದರಾಬಾದಿಗೆ ಹೊರಟಿದ್ದ. ನೀವು ಎಂದೋ ಕೇಳಿದ್ದ ಸಜ್ಜೆ ಹಿಟ್ಟನ್ನು ಅವನ ಕೈಯಲ್ಲಿ ಕಳಿಸಿದ್ದೆ. ಸಿಟ್ಟು ಇರಲಿ, ನಂಟು ಇರಲಿ ಎಂದು ಅವ್ವ ಕಟ್ಟಿಕೊಟ್ಟಿದ್ದಳು. ಅವನು ಮೊನ್ನೆ ವಾಪಸು ಬಂದ. ನನ್ನ ಕಟ್ಟೆಯ ಮೇಲೆ ಕೂತು, ಏನೂ ತಿಳಿಯದ ಮನುಷ್ಯ, ಸಂತೋಷದಿಂದ ಹೇಳಿದ:

"ಹಿಟ್ಟು ಮುಟ್ಟಿಸಿ ಬಂದೆ ನೋಡ್ರಿ ಮಾಸ್ತರ. ಅಣ್ಣ ತಮ್ಮ ಇಬ್ಬರೂ ಭಾಳ ಛಲೋ ಮಾತಾಡ್ಸಿದ್ರು. ದುರುಗಪ್ಪನವ್ರಿಗೆ ಅಲ್ಲಿ ಅನ್ನ ಸೇರೂದಿಲ್ಲಂತ, ಹಿಟ್ಟು ನೋಡಿ ಹಿಗ್ಗಿದ್ರು. ಹೊಸಾ ಹೆಂಡ್ತಿ ಶಾಂತ ಅದಾಳ. ಕೂಸು ಅಂಬೆಗಾಲು ಇಕ್ಕತೈತಿ. ಅದಕ್ಕ ನನ್ನ ಹತ್ರನ ಒಂದು ಮರದ ಆನಿ ತಗೊಂಡ್ರು."

ಒಂದೇ ಮನೆ. ಒಂದೇ ಒಲೆ. ಎರಡು ವರ್ಷ!

ಹಂಪವ್ವ ಬಸುರಿ ಎಂದು ನಾನು ನಿಮ್ಮನ್ನು ಚೇಷ್ಟೆ ಮಾಡಿದಾಗ ನೀವು ನಕ್ಕಿರಬೇಕು. ಓಣಿ ಓಣಿ ತಿರುಗಿ ಹುಡುಕು ಎಂದು ಬರೆದಾಗ ಆ ಪತ್ರವನ್ನು ಅವನ ಎದುರಿಗೇ ಓದಿದಿರೇನು? ತಂದು ಬಿಟ್ಟವರ ಕೈಗೆ ಮಾತ್ರ ಎಂದು ಬರೆಯುವಾಗ, ತಂದು ಬಿಟ್ಟವನು ನಿಮ್ಮ ಪಡಸಾಲೆಯಲ್ಲಿ ಉಂಡು ಮಲಗಿದ್ದನಲ್ಲ!

ಅವಳನ್ನು ಇನ್ನು ಮೇಲೆ ಅತ್ತಿಗೆ ಎನ್ನಬೇಡಿ. ಅವನನ್ನು ಕಳಿಸಿ. ಅವನು ಬಾರದಿದ್ದರೆ ಕೀಲಿಕೈ ಕಳಿಸಿ, ಜೊತೆಗೆ ಒಂದು ಕೈಬರಹದ ಚೀಟಿ. ಬೇರೆ ಏನನ್ನೂ ನಾನು ನಿಮ್ಮಿಂದ ಕೇಳುವುದಿಲ್ಲ.

ಸಣ್ಣಪ್ಪ


ಹೈದರಾಬಾದ್
೨೦ ಜೂನ್ ೧೯೩೯

ಸಣ್ಣಪ್ಪಾ,

ಅವನು ನನ್ನ ಅಣ್ಣ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವನು ಅವನೇ, ನಿನಗೆ ತಿಳಿಯದ್ದೇನಲ್ಲ. ಬಾಗಿಲಿಗೆ ಬಂದು ನಿಂತವನನ್ನು ಹೊರಗೆ ಹಾಕಲು ನನ್ನಿಂದ ಆಗಲಿಲ್ಲ. ಯಾರಿಗೂ ಹೇಳಬೇಡ ಎಂದ. ಹೇಳಲಿಲ್ಲ. ಸುಳ್ಳು ಬರೆಯಬಾರದೆಂದು ಎಚ್ಚರಿಕೆಯಿಂದ ಬರೆಯುತ್ತಿದ್ದೆ. ಹಿಂದಿನ ಪತ್ರಗಳನ್ನು ತೆಗೆದು ನೋಡು, ಒಂದು ಸುಳ್ಳೂ ಇಲ್ಲ.

ಕೀಲಿಕೈ ಇಲ್ಲ. ಇಲ್ಲಿಗೆ ಬಂದ ವಾರದಲ್ಲೇ ಮೂಸಿ ನದಿಗೆ ಎಸೆದನಂತೆ. ಚೀಟಿ ಬರೆದುಕೊಡಲು ಒಪ್ಪುವುದಿಲ್ಲ. ಬರೆದರೆ ಅವಳು ಹೆಂಡತಿ ಎಂದು ಇಲ್ಲಿಗೆ ಬಂದಾಳು ಎಂಬ ಹೆದರಿಕೆ. ಕಾಯದೆ ಮೀರಿ ಏನೂ ಮಾಡಬೇಡ. ಜೈಲಿಗೆ ಹೋಗುತ್ತೀ.

ಗಾಳೆಪ್ಪ


ಗಂಗಾವತಿ
೯ ಆಗಸ್ಟ್ ೧೯೩೯

ಶ್ರೀ ಗಾಳೆಪ್ಪನವರಿಗೆ,

ಕಾಯದೆ ಮೀರಿದೆ. ಹೋದ ವಾರ ಕಮ್ಮಾರ ಗೋಣೆಪ್ಪನನ್ನು ಕರೆದುಕೊಂಡು ಹಾಡಹಗಲೇ ಹೋದೆ. ಬಡಿಗೆ ಹಿಡಿದ ಕಾವಲಿನವರು ಭತ್ತದ ಗದ್ದೆಗೆ ನಾಟಿಗೆ ಹೋಗಿದ್ದರು. ಗೋಣೆಪ್ಪ ನಾಲ್ಕೇ ಪೆಟ್ಟಿಗೆ ಕೀಲಿ ಒಡೆದ. ಪಕ್ಕೀರವ್ವ ಎದ್ದು ನಿಂತಳು, ಎರಡು ಹೆಜ್ಜೆ ಇಟ್ಟು ನಿಂತಳು. ಸರಪಳಿ ಎಷ್ಟು ಉದ್ದವಿತ್ತೋ ಅಷ್ಟಕ್ಕೇ ಕಾಲು ತಾನಾಗಿ ನಿಂತುಬಿಟ್ಟಿತು. ಕೈ ಹಿಡಿದು, "ಬಾರವ್ವಾ, ಇನ್ನ ಬಾ" ಎಂದು ಎಳೆದುಕೊಂಡು ಬಂದೆ.

ಮನೆ ಮುಟ್ಟಿದ ಮರುದಿನವೇ ಅಮೀನ ಬಂದ. ಸನದಿನವನ ರೋಗಿಯನ್ನು ಕದ್ದೆನೆಂದು ಫಿರ್ಯಾದು. ನಿನ್ನೆ ತಹಶೀಲಿನಲ್ಲಿ ವಿಚಾರಣೆ. ಯಂಕೋಬನಿಗೆ ಕುರ್ಚಿ ಹಾಕಿಸಿದ್ದರು, ಸನದಿನವನಲ್ಲವೇ! ನಾವು ನಿಂತಿದ್ದೆವು. ತಹಶೀಲ್ದಾರ ಸಾಹೇಬರು ಕೆಟ್ಟ ಮನುಷ್ಯ ಅಲ್ಲ. ಅವಳನ್ನು ಒಂದು ನೋಟ ನೋಡಿ, ಈಕೆಗೆ ಹುಚ್ಚು ಇಲ್ಲವೆಂದಾದರೆ ಇಲ್ಲಿಗೇ ಮುಗಿಸಬಹುದು ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಪೇಷಕಾರ ನಿಮ್ಮ ಕಾಯದೆ ತೆಗೆದು ಓದಿದ. ಹುಚ್ಚು ಇಲ್ಲವೆಂದು ಹೇಳಬಲ್ಲವನು ಈ ತಾಲೂಕಿಗೆ ಒಬ್ಬನೇ. ಕುರ್ಚಿಯಲ್ಲಿ ಕೂತಿದ್ದ.

"ಪೂರಾ ಬಿಟ್ಟಿಲ್ರಿ ಸಾಹೇಬ್ರ. ಇನ್ನಾ ಒಂದ್ ವರ್ಷ ಬೇಕು" ಎಂದ ಯಂಕೋಬ.

ಅವಳನ್ನೂ ಕೇಳಿದರು, ನೀನೇನು ಹೇಳುತ್ತೀ ಎಂದು. ಪಕ್ಕೀರವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ನಾ ಶಾಣ್ಯಾಕಿ ಹೌದೋ ಅಲ್ಲೋ ಅಂತ ಇಂವಾ ಹೇಳಬೇಕ್ರೀ? ಇಂವಾ ಶಾಣ್ಯಾ ಅದಾನ ಅಂತ ಬರದು ಕೊಟ್ಟವ್ರು ಯಾರು? ಅವರನ್ನ ಕರಸ್ರಿ. ನನ್ನ ಕೇಳೂದಿದ್ರ ಅವರ ಬಂದು ಕೇಳಲಿ. ನನಗೂ ಅವರನ್ನ ಕೇಳೂದೈತಿ."

ಸಾಹೇಬರು ಕಾಯದೆಯ ಹಾಳೆ ತಮ್ಮ ಕಡೆ ಎಳೆದುಕೊಂಡು, ಗಂಡ ಬಿಟ್ಟು ಓಡಿಹೋದ ಹೆಣ್ಣುಮಗಳಿಗೂ ತಂದು ಬಿಟ್ಟವರಿಗೇ ಒಪ್ಪಿಸಬೇಕೆಂಬ ಮಾತು ಅನ್ವಯಿಸುತ್ತದೆಯೇ, ಬರೆದವರ ಇರಾದೆ ಏನು ಎಂದು ಪೇಷಕಾರನನ್ನು ಕೇಳಿದರು. ಅವನು ತಲೆ ಕೆರೆದುಕೊಂಡ. ನಾನು ನಿಮ್ಮ ಹೆಸರು ಹೇಳಿದೆ. ಬರೆದವರು ಯಾರು, ತಂದು ಬಿಟ್ಟವನು ಯಾರ ಮನೆಯಲ್ಲಿದ್ದಾನೆ, ಎರಡನ್ನೂ ಹೇಳಿದೆ.

ಮುಂದಿನ ವಿಚಾರಣೆ ಇದೇ ತಿಂಗಳು ೨೧, ಸೋಮವಾರ. ಅಲ್ಲಿಯವರೆಗೆ ಅವಳು ನನ್ನ ಜಾಮೀನಿನ ಮೇಲೆ ಇರುತ್ತಾಳೆ. ನೀವು ಬಂದು ಇರಾದೆ ಹೇಳಿದರೆ ಬಿಟ್ಟುಬಿಡುತ್ತಾರೆ. ಬಾರದಿದ್ದರೆ ಯಂಕೋಬನಿಗೆ ಒಪ್ಪಿಸಬೇಕೆಂದು ಹುಕುಂ. ನಿಮ್ಮ ಅಣ್ಣ ಬರಬೇಕಾಗಿಲ್ಲ. ಕೀಲಿಕೈಯೂ ಬೇಕಿಲ್ಲ. ನೀವು ಒಂದು ಮಾತು ಹೇಳಿದರೆ ಸಾಕು.

ಸಣ್ಣಪ್ಪ


ಕಂಪ್ಲಿ
೨೪ ಆಗಸ್ಟ್ ೧೯೩೯

ಗಾಳೆಪ್ಪನವರಿಗೆ,

ನೀವು ಬರಲಿಲ್ಲ. ಬರದಿದ್ದರೂ ಒಂದು ಕಾಗದ ಬಂದೀತೆಂದು ಭಾನುವಾರ ಬೆಳಿಗ್ಗೆಯವರೆಗೆ ಕಾದೆ. ಟಪಾಲಿನವನು ನನ್ನ ಮುಖ ನೋಡಲಾರದೆ ಹಾಗೇ ಮುಂದೆ ಹೋದ.

ಪಕ್ಕೀರವ್ವ ಒಂದೇ ಮಾತು ಕೇಳಿದಳು: "ಈ ಕಾಯದೆ ಎಲ್ಲೀ ತನಕ ಐತಣ್ಣಾ?" ಹೊಳೆಯ ತನಕ ಎಂದೆ. ಆಚೆ ದಂಡೆ ಕಂಪ್ಲಿ, ಇಂಗ್ರೇಜಿಯವರ ಸೀಮೆ. ನಿಜಾಮ ಸರ್ಕಾರದ ಹುಕುಂ ಅಲ್ಲಿ ನಡೆಯುವುದಿಲ್ಲ. ಎಷ್ಟೋ ಸಲ ಭೂಗೋಳದಲ್ಲಿ ಮಕ್ಕಳಿಗೆ ಇದನ್ನು ಕಲಿಸಿದ ಮಾಸ್ತರನಿಗೆ ಅದುವರೆಗೆ ಇದು ಹೊಳೆದಿರಲಿಲ್ಲ!

ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಅಂಬಿಗರು ಯಾರೂ ಒಪ್ಪಲಿಲ್ಲ. ಹೊಳಿಯಮ್ಮ ಎಂಬ ಅಂಬಿಗರ ಮುದುಕಿ, ಪಕ್ಕೀರವ್ವನ ಕಾಲಿನ ಗಾಯ ನೋಡಿ ಮಗನನ್ನು ಬೈದು ಹರಿಗೋಲು ಇಳಿಸಿದಳು. ಅರ್ಧ ಹೊಳೆಯಲ್ಲಿ ಹರಿಗೋಲು ಗರಗರ ತಿರುಗಿತು. ನಾನು ದೇವರನ್ನು ಕೂಗಿದೆ. ಇವಳು ಅಂಚು ಬಿಗಿಯಾಗಿ ಹಿಡಿದು ಆಚೆ ದಂಡೆಯನ್ನೇ ನೋಡುತ್ತಿದ್ದಳು.

ಇಲ್ಲಿ ದೂರದ ಸಂಬಂಧಿಕರ ಮನೆ ಇದೆ, ಇಟ್ಟುಕೊಳ್ಳುತ್ತೇನೆಂದಿದ್ದಾರೆ. ಸೋಮವಾರದ ವಿಚಾರಣೆ ತಪ್ಪಿತು, ನಾಳೆ ನಾನು ತಿರುಗಿ ಹೋಗುತ್ತೇನೆ. ಜಾಮೀನು ನಿಂತವನು ನಾನು, ಓಡಿಹೋದರೆ ನಿಮ್ಮ ಅಣ್ಣನಿಗೂ ನನಗೂ ಏನು ಅಂತರ? ಜೈಲಾದರೆ ಆಗಲಿ, ಸಾಲಿ ಹೋದರೆ ಹೋಗಲಿ. ಹೊಳೆಯ ಆ ದಂಡೆಗೆ ಹುಚ್ಚಿ, ಈ ದಂಡೆಗೆ ಎಲ್ಲರಂಥ ಹೆಣ್ಣುಮಗಳು! ಇಂಥ ಕಾಯದೆ ಬರೆದು ಬೆನ್ನು ತಟ್ಟಿಸಿಕೊಂಡಿರಿ. ಇದನ್ನು ತಹಶೀಲ್ದಾರ ಸಾಹೇಬರ ಮುಂದೆ ಹೇಳಿಯೇ ನಾನು ಒಳಗೆ ಹೋಗುವುದು. ನಿಮಗೆ ಇದು ನನ್ನ ಕಡೆಯ ಪತ್ರ.

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಕೂತಿದ್ದೆವು. "ಇಲ್ಲಿ ಯಾರ ಹೇಳಬೇಕಣ್ಣಾ, ನಾ ಶಾಣ್ಯಾಕಿ ಅಂತ?" ಎಂದು ಕೇಳಿದಳು. ಯಾರೂ ಹೇಳಬೇಕಾಗಿಲ್ಲ ಎಂದೆ. "ಯಾರೂ?" ಎಂದಳು. "ಯಾರೂ ಇಲ್ಲವ್ವಾ" ಎಂದೆ.

"ಹಂಗಾದ್ರ ನಾ ಈಗ ಅತ್ರ ನಡೀತೈತೇನು? ಅಲ್ಲಿ ಅತ್ರ ಹುಚ್ಚು ಇನ್ನಾ ಬಿಟ್ಟಿಲ್ಲ ಅಂತ ನಿಂಬಿಹಣ್ಣು ತರತಿದ್ರು. ನನ್ನ ಕೂಸಿಗೆ ನಾ ಅತ್ತೇ ಇಲ್ಲಣ್ಣಾ."

ಆಗ ಅಳಲು ಶುರು ಮಾಡಿದವಳು ಇನ್ನೂ ಅಳುತ್ತಿದ್ದಾಳೆ. ಬಾಯಿ ಬಿಟ್ಟು, ಕೂಸಿನ ಹೆಸರು ಹಿಡಿದು ಅಳುತ್ತಿದ್ದಾಳೆ. ಮನೆಯವರು ಗಾಬರಿಯಿಂದ ಬಂದು ನೋಡಿ ಹೋದರು. ನಾನು ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಸುಮ್ಮನಿರು ಎನ್ನುತ್ತಿಲ್ಲ.

ಸಣ್ಣಪ್ಪ